ನಾಯಿಗೆ ಟ್ರೈನರ್ ಇಡುವ ಮುನ್ನ: ಮೊದಲ ಫೋನ್ ಕರೆಯಿಂದ ಕೊನೆಯ ಕ್ಲಾಸಿನವರೆಗೆ

ನಮ್ಮ ಮೊದಲ ನಾಯಿ ಬ್ರೂನೋ, ಲ್ಯಾಬ್ರಡಾರ್. ಅವನನ್ನು ಆರು ವಾರ ಊರ ಹೊರಗಿನ ಒಂದು ಜಾಗದಲ್ಲಿ ಬಿಟ್ಟು ತರಬೇತಿ ಕೊಡಿಸಿದ್ದೆವು. ವಾಪಸ್ ಬಂದ ದಿನ ‘ಸಿಟ್’ ಅಂದರೆ ಕೂರುತ್ತಿದ್ದ, ‘ಡೌನ್’ ಅಂದರೆ ಮಲಗುತ್ತಿದ್ದ, ಚೈನು ಹಿಡಿದರೆ ಎಡಗಾಲಿಗೆ ಅಂಟಿಕೊಂಡೇ ನಡೆಯುತ್ತಿದ್ದ. ಕೊಟ್ಟ ದುಡ್ಡು ಸಾರ್ಥಕವಾಯಿತು ಅಂತ ಮನೆಯವರೆಲ್ಲ ಖುಷಿಪಟ್ಟೆವು. ಅವತ್ತೇ ಸಂಜೆ ಅಪ್ಪ ಸೊಳ್ಳೆ ಹೊಡೆಯಲು ಪೇಪರ್ ಸುತ್ತಿ ಕೈ ಎತ್ತಿದರು. ಬ್ರೂನೋ ಊಟದ ಟೇಬಲ್ಲಿನ ಕೆಳಗೆ ನುಗ್ಗಿ, ಅಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಾ ಕೂತ. ಆಮೇಲೆ ಅವನು ಬದುಕಿದ್ದಷ್ಟು ವರ್ಷವೂ ಎತ್ತಿದ ಕೈ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಆ ಆರು ವಾರ ಅಲ್ಲಿ ಏನು ನಡೆಯಿತೋ ನಾನು ನೋಡಲಿಲ್ಲ. ನೋಡದೆಯೇ ದುಡ್ಡು ಕೊಟ್ಟೆ. ಈಗಿರುವ ಕೆಂಚಿಗೆ ತರಬೇತಿ ಕೊಡಿಸುವಾಗ ಒಂದೇ ಒಂದು ನಿಯಮ ಇಟ್ಟುಕೊಂಡೆ: ನನ್ನ ಕಣ್ಣೆದುರು ನಡೆಯದ ತರಬೇತಿ ಬೇಡ. ಕೆಂಚಿ ನಾಟಿ ನಾಯಿ. ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಮರಳುಗುಡ್ಡೆಯ ಮೇಲೆ ಸಿಕ್ಕವಳು. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಅವಳ ಜೊತೆ ಬೆಂಗಳೂರಿನಲ್ಲಿ ಮನೆಗೇ ಬರುವ ಟ್ರೈನರ್ ಒಬ್ಬರಿಂದ ಕಲಿತದ್ದು. ಮೊದಲ ಸಲ ಟ್ರೈನರ್‌ಗೆ ಫೋನ್ ಮಾಡಲು ಹೊರಟವರಿಗಾಗಿ ಬರೆದಿದ್ದೇನೆ.

ಹಂತ 1: ಮೊದಲು ಡಾಕ್ಟರ ಹತ್ತಿರ ಹೋಗಿ

‘ನಾಯಿ ಇದ್ದಕ್ಕಿದ್ದಂತೆ ಕಚ್ಚೋಕೆ ಬರುತ್ತೆ’, ‘ಮನೆಯೊಳಗೇ ಸುಸ್ಸು ಮಾಡ್ತಿದೆ’, ‘ಮೆಟ್ಟಿಲು ಹತ್ತು ಅಂದ್ರೆ ಹಟ ಮಾಡುತ್ತೆ’ ಎಂಬ ದೂರುಗಳ ಹಿಂದೆ ಎಷ್ಟೋ ಸಲ ನೋವಿರುತ್ತದೆ. ಕಿವಿಯಲ್ಲಿ ಸೋಂಕಿದ್ದರೆ ತಲೆ ಸವರಲು ಬಂದ ಕೈಗೆ ಗುರ್ ಅನ್ನುತ್ತದೆ. ಮೂತ್ರದ ಸೋಂಕಿದ್ದರೆ ಹಿಡಿದುಕೊಳ್ಳಲು ಆಗುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ನಾಯಿ ಮಂಕಾಗಿ ಕೂರುತ್ತದೆ. ಇವುಗಳಿಗೆ ಬೇಕಾಗಿರುವುದು ಔಷಧಿ. ಒಳ್ಳೆಯ ಟ್ರೈನರ್ ಆದರೆ ‘ಡಾಕ್ಟರ್‌ಗೆ ತೋರಿಸಿದ್ರಾ?’ ಅಂತ ತಾವಾಗಿಯೇ ಕೇಳುತ್ತಾರೆ.

ಲಸಿಕೆಯ ಪುಸ್ತಕವನ್ನೂ ಸರಿಮಾಡಿಕೊಳ್ಳಿ. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದಾಗ ಕೊಡುತ್ತಾರೆ. ತರಬೇತಿಯ ದಿನಗಳಲ್ಲಿ ಹಲ್ಲು ತಾಗುವುದು ಉಂಟು. ಚಿಕ್ಕ ಗೀರಾದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಮನೆಯಲ್ಲಿ ಕೂರಬೇಡಿ.

ಹಂತ 2: ಯಾವಾಗ ಶುರು ಮಾಡಬೇಕು?

‘ಆರು ತಿಂಗಳಾಗಲಿ, ಆಮೇಲೆ ನೋಡೋಣ’ ಎಂಬ ಹಳೆಯ ಮಾತನ್ನು ಬಿಟ್ಟುಬಿಡಿ. ಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವ ಕಾಲ ಸುಮಾರು ಮೂರನೇ ವಾರದಿಂದ ಹನ್ನೆರಡು–ಹದಿನಾಲ್ಕನೇ ವಾರದವರೆಗೆ. ಕುಕ್ಕರ್ ಸೀಟಿ, ಆಟೋ ಸದ್ದು, ಹೆಲ್ಮೆಟ್ ಹಾಕಿದ ಮನುಷ್ಯ, ಕೋಲೂರಿಕೊಂಡು ಬರುವ ತಾತ, ಮಳೆಯಲ್ಲಿ ಬಿಚ್ಚಿಕೊಳ್ಳುವ ಕೊಡೆ, ಇವೆಲ್ಲ ಆ ಹೊತ್ತಿನಲ್ಲಿ ಹಿತವಾಗಿ ಪರಿಚಯವಾದರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಲಸಿಕೆ ಆಗಿ ಒಂದು ವಾರ ಕಳೆದರೆ ಏಳೆಂಟು ವಾರದ ಮರಿಯನ್ನೂ ಸ್ವಚ್ಛವಾದ ಜಾಗದ ಮರಿ ಕ್ಲಾಸಿಗೆ ಕರೆತರಬಹುದು ಎನ್ನುತ್ತದೆ ಅಮೆರಿಕನ್ ವೆಟರಿನರಿ ಸೊಸೈಟಿ ಆಫ್ ಅನಿಮಲ್ ಬಿಹೇವಿಯರ್. ನಮ್ಮ ಬೀದಿಗಳಲ್ಲಿ ಮರಿಗಳ ಜೀವ ತೆಗೆಯುವ ಪಾರ್ವೊ, ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗಗಳ ಭಯ ಜಾಸ್ತಿ. ಹಾಗಾಗಿ ಡೋಸ್‌ಗಳು ಮುಗಿಯುವವರೆಗೆ ಮರಿಯನ್ನು ನೆಲಕ್ಕೆ ಬಿಡದೆ, ತೋಳಿನಲ್ಲೋ ಬುಟ್ಟಿಯಲ್ಲೋ ಎತ್ತಿಕೊಂಡು ಬೀದಿ ತೋರಿಸಿ. ನೋಡುವುದಕ್ಕೆ, ಕೇಳುವುದಕ್ಕೆ ಅಷ್ಟು ಸಾಕು.

ನಾಯಿ ದೊಡ್ಡದಾಗಿದೆಯೇ? ತಡವೇನೂ ಆಗಿಲ್ಲ. ಕೆಂಚಿ ನಮ್ಮ ಮನೆಗೆ ಬಂದಾಗ ಒಂದು ವರ್ಷ ದಾಟಿತ್ತು.

ಹಂತ 3: ಫೋನಿನಲ್ಲೇ ಆರಿಸಿ

ನಾಯಿ ತರಬೇತಿಗೆ ನಮ್ಮಲ್ಲಿ ಕಡ್ಡಾಯ ಪರವಾನಗಿ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಸರ್ಟಿಫಿಕೇಟ್ ಇದ್ದರೆ ಸಂತೋಷ, ಆದರೆ ಗೋಡೆಯ ಮೇಲಿನ ಫ್ರೇಮಿಗಿಂತ ನೀವು ಕೇಳುವ ಪ್ರಶ್ನೆಗಳೇ ಹೆಚ್ಚು ಹೇಳುತ್ತವೆ. ನಾನು ಐದು ಜನರಿಗೆ ಫೋನ್ ಮಾಡಿ ಎಲ್ಲರನ್ನೂ ಮೂರೇ ಪ್ರಶ್ನೆ ಕೇಳಿದೆ.

ನಾಯಿ ಸರಿಯಾಗಿ ಮಾಡಿದರೆ ಏನು ಕೊಡ್ತೀರಿ?

ತಪ್ಪು ಮಾಡಿದರೆ ಏನು ಮಾಡ್ತೀರಿ?

ಕ್ಲಾಸ್ ನಡೆಯುವಾಗ ನಾನು ಜೊತೆಗೆ ಇರಬಹುದಾ?

ಎರಡನೇ ಪ್ರಶ್ನೆಯಲ್ಲಿ ಮನುಷ್ಯ ಗೊತ್ತಾಗುತ್ತಾನೆ. ಒಬ್ಬರು ‘ಸ್ವಲ್ಪ ಕರೆಕ್ಷನ್ ಕೊಡಬೇಕಾಗುತ್ತೆ’ ಅಂದರು. ಹಾಗಂದರೆ ಏನು ಅಂತ ಬಿಡಿಸಿ ಕೇಳಿದಾಗ ಚೋಕ್ ಚೈನು, ಅಂದರೆ ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ ಹೊರಬಂತು. ಮತ್ತೊಬ್ಬರು ‘ನೀವಿದ್ರೆ ನಾಯಿ ನನ್ನ ಮಾತು ಕೇಳಲ್ಲ, ಒಳಗಿರಿ’ ಅಂದರು. ಅಲ್ಲಿಗೇ ಆ ಮಾತು ಮುಗಿಸಿದೆ. ನಾಯಿ ಕೇಳಬೇಕಾದದ್ದು ಯಾರ ಮಾತನ್ನು? ನಾಲ್ಕನೆಯವರು ಹೇಳಿದ್ದು ಹೀಗೆ: ‘ಅಕ್ಕ, ತಪ್ಪು ಮಾಡಿದ್ರೆ ನಾನು ಜಾಸ್ತಿ ಕಷ್ಟದ್ದು ಕೇಳಿಬಿಟ್ಟಿದ್ದೀನಿ ಅಂತ ಅರ್ಥ. ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡ್ತೀನಿ.’ ಅವರನ್ನೇ ಬರಲು ಹೇಳಿದೆ.

‘ನೀವು ಆಲ್ಫಾ ಆಗಬೇಕು, ನಾಯಿಗೆ ಯಜಮಾನ ಯಾರಂತ ತೋರಿಸಬೇಕು’ ಎಂಬ ಮಾತು ಖಂಡಿತ ನಿಮ್ಮ ಕಿವಿಗೆ ಬೀಳುತ್ತದೆ. ಇದು ಬೇರೆಬೇರೆ ಕಡೆಯಿಂದ ತಂದು ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಹುಟ್ಟಿದ ಮಾತು. ತೋಳಗಳ ಬಗ್ಗೆ 1970ರಲ್ಲಿ ಪುಸ್ತಕ ಬರೆದು ‘ಆಲ್ಫಾ’ ಪದವನ್ನು ಜನಪ್ರಿಯಗೊಳಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಮೀಚ್ ಅವರೇ 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಸಂಸಾರ. ಅಲ್ಲಿ ಗದ್ದುಗೆಗಾಗಿ ದಿನಾ ಕಾದಾಟ ನಡೆಯುವುದಿಲ್ಲ. ನಾಯಿಯನ್ನು ಕೆಡವಿ ಬೆನ್ನ ಮೇಲೆ ಅದುಮಿ ಹಿಡಿಯುವ ಟ್ರೈನರನ್ನು ಆ ಕ್ಷಣವೇ ನಿಲ್ಲಿಸಿ. 2021ರಲ್ಲಿ, ಹಂತ 2ರಲ್ಲಿ ಹೇಳಿದ ಅಮೆರಿಕದ ಪಶುವೈದ್ಯರ ಸೊಸೈಟಿಯೇ, ಕಚ್ಚುವ ಸ್ವಭಾವದ ನಾಯಿಗಳಿಗೂ ಸೇರಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ದಾರಿಯನ್ನೇ ಹಿಡಿಯಬೇಕು ಎಂದು ಸ್ಪಷ್ಟವಾಗಿ ಹೇಳಿತು. ನಮ್ಮ ಕಾನೂನೂ ಸುಮ್ಮನಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಹೊಡೆಯುವುದು, ಒದೆಯುವುದು, ವಿನಾಕಾರಣ ನೋವು ಕೊಡುವುದು ಅಪರಾಧ. ಕೈಯಲ್ಲಿ ‘ಟ್ರೈನರ್’ ಎಂಬ ಕಾರ್ಡ್ ಇದ್ದರೂ ಅಪರಾಧವೇ.

ನಾಯಿಯನ್ನು ವಾರಗಟ್ಟಲೆ ಬಿಟ್ಟು ಬರುವ ಬೋರ್ಡಿಂಗ್ ತರಬೇತಿಯ ಬಗ್ಗೆ ನನ್ನ ಅಭಿಪ್ರಾಯ ಮೇಲೆಯೇ ಗೊತ್ತಾಗಿರುತ್ತದೆ. ಅಲ್ಲಿಯೂ ಒಳ್ಳೆಯವರಿದ್ದಾರೆ. ಆದರೆ ಹೇಳದೆ ಕೇಳದೆ ಹೋದರೂ ಒಳಗೆ ಬಿಡುತ್ತಾರಾ, ದಿನಾ ವಿಡಿಯೊ ಕಳಿಸುತ್ತಾರಾ, ಕೊನೆಯಲ್ಲಿ ನಿಮಗೂ ಕ್ಲಾಸ್ ಕೊಡುತ್ತಾರಾ ಎಂಬ ಮೂರಕ್ಕೂ ‘ಹೌದು’ ಸಿಗದಿದ್ದರೆ ಬಿಟ್ಟು ಬರಬೇಡಿ. ಗಡಿ ಕಾಯುವ ಬಿಎಸ್‌ಎಫ್‌ನವರು ಮಧ್ಯಪ್ರದೇಶದ ಟೇಕನ್‌ಪುರದಲ್ಲಿ ನಡೆಸುವ ನಾಯಿ ತರಬೇತಿ ಕೇಂದ್ರದಲ್ಲೂ ನಾಯಿಯ ಜೊತೆ ಅದರ ಹ್ಯಾಂಡ್ಲರ್‌ಗೂ ತರಬೇತಿ ನಡೆಯುತ್ತದೆ. ಬಾಂಬು ಹುಡುಕುವ ನಾಯಿಗೇ ಜೋಡಿ ಬೇಕು ಅನ್ನುವಾಗ, ನಮ್ಮ ಮನೆಯ ನಾಯಿ ಒಂಟಿಯಾಗಿ ಕಲಿತು ಬರಲಿ ಅಂತ ಬಯಸುವುದು ಹೇಗೆ?

ಹಂತ 4: ಟ್ರೈನರ್ ಬರುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ

ಇದನ್ನು ಯಾರೂ ಮಾಡುವುದಿಲ್ಲ. ಹೆಚ್ಚಿನ ದುಡ್ಡು ಪೋಲಾಗುವುದೂ ಇಲ್ಲೇ.

ನಮ್ಮ ಮನೆಯಲ್ಲಿ ಕೆಂಚಿಗೆ ಕೂರಲು ನಾನು ‘ಸಿಟ್’ ಅನ್ನುತ್ತಿದ್ದೆ, ಅಮ್ಮ ‘ಕೂತ್ಕೋ’, ಅಪ್ಪ ‘ಕೂರು’, ತಮ್ಮ ‘ಸಿಟ್ ಡೌನ್’. ಅವನ ‘ಡೌನ್’ ಕೇಳಿ ಅವಳು ಮಲಗಬೇಕೋ ಕೂರಬೇಕೋ ತಿಳಿಯದೆ ಮುಖ ನೋಡುತ್ತಿದ್ದಳು. ಟ್ರೈನರ್ ಒಂದು ಹಾಳೆ ತೆಗೆದುಕೊಂಡು ಮನೆಯವರೆಲ್ಲ ಒಪ್ಪುವ ಆರು ಪದ ಬರೆಸಿ ಫ್ರಿಜ್ಜಿಗೆ ಅಂಟಿಸಿದರು. ಕನ್ನಡದಲ್ಲೇ ಕಲಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಕಲಿಸಬಹುದು. ನಾಯಿಗೆ ಬೇಕಾಗಿರುವುದು ಒಂದೇ ಥರದ ಸದ್ದು. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ: ‘ಬಾ’, ‘ಬೇಡ’, ‘ಬಿಡು’ ಮೂರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ದೂರದಿಂದ ಕೂಗಿದಾಗ ನಾಯಿಗೆ ಮೊದಲ ತುಂಡು ಮಾತ್ರ ಕೇಳಿಸುವುದೂ ಉಂಟು. ನಾವು ಕರೆಯುವುದಕ್ಕೆ ‘ಬಾ’ ಇಟ್ಟುಕೊಂಡೆವು, ಬಾಯಲ್ಲಿದ್ದದ್ದನ್ನು ಬಿಡಿಸಲು ‘ಕೊಡು’ ಅಂದೆವು, ‘ಬೇಡ’ವನ್ನು ಪಟ್ಟಿಯಿಂದಲೇ ತೆಗೆದೆವು. ಹೆಸರು ಹಿಡಿದು ಬೈಯುವುದನ್ನೂ ನಿಲ್ಲಿಸಿದೆವು. ‘ಕೆಂಚೀ!’ ಅಂದರೆ ಗದರಿಕೆ ಅಂತಾದರೆ, ಕರೆದಾಗ ಅವಳು ಯಾಕಾದರೂ ಬರಬೇಕು?

ಎರಡನೆಯದು ಮನೆಯ ಕಾನೂನು. ಸೋಫಾ ಹತ್ತಬಹುದಾ? ಊಟದ ಹೊತ್ತಿನಲ್ಲಿ ತಟ್ಟೆಯಿಂದ ಕೊಡುತ್ತೀರಾ? ಯಾವ ಉತ್ತರವಾದರೂ ಸರಿಯೇ, ಎಲ್ಲರದ್ದೂ ಒಂದೇ ಆಗಿರಬೇಕು. ಮನೆಕೆಲಸಕ್ಕೆ ಬರುವ ಅಕ್ಕನನ್ನೂ ಈ ಮಾತುಕತೆಗೆ ಕೂರಿಸಿಕೊಳ್ಳಿ. ನಾಯಿಯ ದಿನದಲ್ಲಿ ಅವರೂ ಇದ್ದಾರೆ.

ಸಾಮಾನು ಹೆಚ್ಚೇನೂ ಬೇಡ. ಅಗಲವಾದ ಮಾಮೂಲಿ ಬೆಲ್ಟು ಅಥವಾ ಎದೆಯ ಮೇಲೆ ಕೂರುವ ಹಾರ್ನೆಸ್, ಆರು ಅಡಿಯ ಬಟ್ಟೆಯ ಹಗ್ಗ, ಕರೆದಾಗ ಬರುವುದನ್ನು ಕಲಿಸಲು ಇನ್ನೊಂದು ಉದ್ದನೆಯ ಹಗ್ಗ, ಸೊಂಟಕ್ಕೆ ಕಟ್ಟುವ ಚೀಲ. ಟ್ರೀಟ್‌ಗೆ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಸಸ್ಯಾಹಾರಿಗಳ ಮನೆಯಾದರೆ ಪನೀರ್ ಅಥವಾ ಬೇಯಿಸಿದ ಗೆಣಸು, ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿದ್ದು. ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪ್ರಸಾದದ ಸಜ್ಜಿಗೆಯಲ್ಲಿರುವ ಒಣದ್ರಾಕ್ಷಿಯೂ ಅಷ್ಟೇ ಅಪಾಯ.

ಹಂತ 5: ಮೊದಲ ದಿನ

ಮೊದಲ ದಿನವೇ ನಾಯಿ ಕೈ ಕುಲುಕುತ್ತದೆ ಅಂದುಕೊಳ್ಳಬೇಡಿ. ನಮ್ಮ ಟ್ರೈನರ್ ಬಂದವರೇ ಪೋರ್ಟಿಕೋದ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತರು. ಕೆಂಚಿಯ ಕಡೆ ನೋಡಲೂ ಇಲ್ಲ. ತಮ್ಮ ಪಾಡಿಗೆ ಅಮ್ಮನ ಜೊತೆ ಮಾತಾಡುತ್ತಾ, ಬೇಯಿಸಿದ ಕೋಳಿಯ ಚೂರುಗಳನ್ನು ಸ್ವಲ್ಪ ದೂರದಲ್ಲಿ ಬೀಳಿಸುತ್ತಿದ್ದರು. ಅವಳು ಹೂಕುಂಡದ ಹಿಂದಿನಿಂದ ಕತ್ತು ಚಾಚಿ ಒಂದು ಚೂರು ಎತ್ತಿಕೊಂಡು ಹಿಂದೆ ಓಡಿದಳು. ಮತ್ತೆ ಬಂದಳು. ಇಪ್ಪತ್ತು ನಿಮಿಷವಾದ ಮೇಲೆ ಅವರ ಮೊಣಕಾಲಿಗೆ ಮೂಗು ತಾಗಿಸಿದಳು. ಆಗಲೂ ಅವರು ಕೈ ಚಾಚಲಿಲ್ಲ. ಅಮ್ಮ ತಡೆಯಲಾರದೆ ಕೇಳಿಯೇಬಿಟ್ಟರು, ‘ಏನಪ್ಪಾ, ಇವತ್ತು ಏನೂ ಹೇಳಿಕೊಡಲ್ವಾ?’ ‘ಹೇಳಿಕೊಟ್ಟೆನಲ್ಲಮ್ಮ,’ ಅಂದರು ಅವರು, ‘ಹೊಸಬರು ಬಂದ್ರೆ ಹೆದರಬೇಕಾಗಿಲ್ಲ ಅಂತ.’

ಉಳಿದ ಅರ್ಧ ಗಂಟೆ ನಮ್ಮನ್ನು ಪ್ರಶ್ನೆ ಕೇಳಿದರು. ಎಷ್ಟು ಹೊತ್ತಿಗೆ ಊಟ, ಎಲ್ಲಿ ನಿದ್ದೆ, ಯಾರನ್ನು ಕಂಡರೆ ಬೊಗಳುತ್ತಾಳೆ, ಕೊನೆಯ ಸಲ ಗುರ್ ಅಂದದ್ದು ಯಾವಾಗ, ಅದಕ್ಕೆ ಮುಂಚೆ ಏನಾಗಿತ್ತು. ಮೊದಲ ಭೇಟಿಯಲ್ಲಿ ಹೀಗೆ ಕೇಳದ ಟ್ರೈನರ್ ಎಲ್ಲ ನಾಯಿಗೂ ಒಂದೇ ಪಾಠ ಒಪ್ಪಿಸುತ್ತಾರೆ.

ನಾಯಿಯ ಮೈ ಮಾತಾಡುವುದನ್ನು ಓದಲು ಕಲಿಸಿದ್ದೂ ಅವತ್ತೇ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಮೈ ಗಟ್ಟಿಮಾಡಿ ನಿಲ್ಲುವುದು, ಇವೆಲ್ಲ ‘ನನಗೆ ಆಗುತ್ತಿಲ್ಲ’ ಎಂಬ ಮಾತುಗಳು. ಗುರ್ ಅನ್ನುವುದು ಆ ಸಾಲಿನ ಕೊನೆಯ ಎಚ್ಚರಿಕೆಗಳಲ್ಲಿ ಒಂದು. ಗುರ್ ಅಂದದ್ದಕ್ಕೆ ಹೊಡೆದರೆ ಅದು ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಮಕ್ಕಳಿರುವ ಮನೆಯವರು ಇದೊಂದನ್ನು ಮನಸ್ಸಿನಲ್ಲಿ ಕೆತ್ತಿಟ್ಟುಕೊಳ್ಳಬೇಕು.

ಹಂತ 6: ದಿನಕ್ಕೆ ಐದೈದು ನಿಮಿಷದ ಹೋಂವರ್ಕ್

ವಾರಕ್ಕೆ 168 ಗಂಟೆ. ಟ್ರೈನರ್ ಮೂರು ದಿನ ಬಂದರೂ ಮೂರು ಗಂಟೆ. ಉಳಿದ 165 ಗಂಟೆ ನಾಯಿ ನಿಮ್ಮಿಂದ ಕಲಿಯುತ್ತಿರುತ್ತದೆ. ಗಂಟೆಗಟ್ಟಲೆ ಅಭ್ಯಾಸ ಬೇಡ. ಐದು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು, ನಾಯಿಗೆ ಇನ್ನೂ ಬೇಕು ಅನಿಸುತ್ತಿರುವಾಗಲೇ ನಿಲ್ಲಿಸಿ.

ಎಲ್ಲದರ ಬುಡದಲ್ಲಿರುವುದು ಹೊತ್ತಿನ ಲೆಕ್ಕ. ಕೂತ ಕ್ಷಣದಲ್ಲೇ ‘ಶಭಾಷ್’, ಹಿಂದೆಯೇ ಚೂರು. ಒಂದೆರಡು ಸೆಕೆಂಡು ತಡವಾದರೆ ನೀವು ಕೊಟ್ಟದ್ದು ಕೂತದ್ದಕ್ಕೋ, ಎದ್ದು ನಿಂತದ್ದಕ್ಕೋ ಅದಕ್ಕೆ ತಿಳಿಯುವುದಿಲ್ಲ. ಸಂಜೆ ಮನೆಗೆ ಬಂದು, ಮಧ್ಯಾಹ್ನ ಹರಿದ ದಿಂಬನ್ನು ತೋರಿಸಿ ಬೈಯುವುದೂ ಹೀಗೇ ವ್ಯರ್ಥ. ಕಿವಿ ಮಡಿಸಿ ಬಾಲ ಒಳಗೆ ಹಾಕಿಕೊಂಡದ್ದು ತಪ್ಪೊಪ್ಪಿಗೆಯಲ್ಲ, ನಿಮ್ಮ ದನಿಗೆ ಹುಟ್ಟಿದ ಭಯ.

ಒಂದು ಉದಾಹರಣೆಯನ್ನು ಪೂರ್ತಿ ಕೊಡುತ್ತೇನೆ, ಏಕೆಂದರೆ ಬಹುಪಾಲು ಮನೆಗಳ ಗೋಳು ಇದೇ: ಕಾಲಿಂಗ್ ಬೆಲ್. ಬೆಲ್ ಆದರೆ ಕೆಂಚಿ ಬಾಗಿಲಿಗೆ ಹಾರಿ ಬೊಗಳುತ್ತಿದ್ದಳು, ಕೊರಿಯರ್ ಹುಡುಗರು ಗೇಟಿನಲ್ಲೇ ಪಾರ್ಸೆಲ್ ಎಸೆದು ಹೋಗುತ್ತಿದ್ದರು. ಮೊದಲ ನಾಲ್ಕು ದಿನ ಬೆಲ್ಲಿನ ಮಾತೇ ಇಲ್ಲ. ಬಾಗಿಲಿನಿಂದ ಹತ್ತಡಿ ದೂರ ಒಂದು ಹಳೆಯ ಜಮಖಾನ ಹಾಸಿ, ಅವಳು ಅದರ ಮೇಲೆ ಕಾಲಿಟ್ಟಾಗಲೆಲ್ಲ ಒಂದು ಚೂರು. ಆಮೇಲೆ ‘ಜಾಗ’ ಎಂಬ ಪದ ಸೇರಿಸಿದೆವು. ‘ಜಾಗ’ ಅಂದರೆ ಓಡಿಹೋಗಿ ಅಲ್ಲಿ ಮಲಗುವ ಮಟ್ಟಕ್ಕೆ ಬಂದ ಮೇಲೆ, ನಮ್ಮ ಮನೆಯ ಬೆಲ್ಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅತಿ ಸಣ್ಣ ದನಿಯಲ್ಲಿ ಹಾಕಿದೆವು. ಬೆಲ್, ಜಾಗ, ಚೂರು. ದಿನಾ ಸ್ವಲ್ಪ ಸ್ವಲ್ಪ ದನಿ ಏರಿಸಿದೆವು. ಮತ್ತೆ ತಮ್ಮ ಹೊರಗೆ ನಿಂತು ನಿಜವಾದ ಬೆಲ್ ಒತ್ತಿದ. ಆಮೇಲೆ ಅಮ್ಮ ಬಾಗಿಲು ಒಂದು ಗೇಣು ತೆರೆದು ಮುಚ್ಚಿದರು. ಮೂರನೇ ವಾರದಲ್ಲಿ ಪಕ್ಕದ ಮನೆಯ ಆಂಟಿ ಒಳಗೆ ಬಂದು ಕಾಫಿ ಕುಡಿದರು, ಕೆಂಚಿ ಜಮಖಾನದ ಮೇಲೆ ಮಲಗಿ ನೋಡುತ್ತಿದ್ದಳು. ‘ಬೊಗಳಬೇಡ’ ಅಂತ ಯಾರೂ ಒಂದು ಸಲವೂ ಗದರಲಿಲ್ಲ. ಬೊಗಳುವ ಹೊತ್ತಿನಲ್ಲಿ ಮಾಡಲು ಅವಳಿಗೆ ಬೇರೊಂದು ಕೆಲಸ ಕೊಟ್ಟೆವು, ಅಷ್ಟೆ.

ಹಂತ 7: ಬೀದಿಗೆ ಇಳಿದಾಗ

ಮನೆಯ ಹಾಲ್‌ನಲ್ಲಿ ಚೆನ್ನಾಗಿ ಕೂರುವ ನಾಯಿ ಬೀದಿಯಲ್ಲಿ ಕಿವುಡಾಗುತ್ತದೆ. ‘ಮನೇಲಿ ಕೇಳ್ತಾಳೆ, ಹೊರಗೆ ಹಟ’ ಅನ್ನಬೇಡಿ. ನಾಯಿಗೆ ಆ ಪಾಠ ಬರೀ ಹಾಲ್‌ನ ಪಾಠ. ಪೋರ್ಟಿಕೋದಲ್ಲಿ ಒಮ್ಮೆ, ಗೇಟಿನ ಹೊರಗೆ ಒಮ್ಮೆ, ಪಾರ್ಕಿನ ಮೂಲೆಯಲ್ಲಿ ಒಮ್ಮೆ, ಹೀಗೆ ಪ್ರತಿ ಜಾಗದಲ್ಲೂ ಅ ಆ ಇ ಈಯಿಂದ ಶುರು ಮಾಡಬೇಕು.

ನಮ್ಮ ಊರುಗಳಲ್ಲಿ ನಿಜವಾದ ಪರೀಕ್ಷೆ ಬೀದಿನಾಯಿಗಳದ್ದು. ಹೊರಗಿನ ದೇಶದ ವಿಡಿಯೊಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಟ್ರೈನರ್ ಮೊದಲು ಮಾಡಿಸಿದ್ದು ದಾರಿಯ ನಕ್ಷೆ: ಯಾವ ತಿರುವಿನಲ್ಲಿ ಎಷ್ಟು ನಾಯಿ, ಯಾವುದು ಬರೀ ಬೊಗಳುತ್ತದೆ, ಯಾವುದು ಮುಂದೆ ಬರುತ್ತದೆ. ಕೆಂಚಿ ಅವುಗಳನ್ನು ನೋಡಿಯೂ ಚೂರು ತಿನ್ನುವಷ್ಟು ದೂರವೇ ನಮ್ಮ ಕೆಲಸದ ದೂರ. ಮೊದಲ ವಾರ ಅದು ನಾಲ್ಕು ಸೈಟಿನಷ್ಟಿತ್ತು. ನಾಯಿ ಕಂಡಿತೇ, ಚೂರು. ಮತ್ತೆ ಕಂಡಿತೇ, ಮತ್ತೆ ಚೂರು. ತಿನ್ನುವುದನ್ನು ನಿಲ್ಲಿಸಿ ದಿಟ್ಟಿಸಿದಳು ಅಂದರೆ ಹತ್ತಿರ ಬಂದೆವು ಅಂತ ಅರ್ಥ, ವಾಪಸ್ ತಿರುಗಬೇಕು. ಬೇಸಿಗೆಯಲ್ಲಿ ಟಾರು ರಸ್ತೆಯನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಐದಾರು ಸೆಕೆಂಡು ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ಹಂತ 8: ಕೆಟ್ಟ ವಾರ ಬಂದೇ ಬರುತ್ತದೆ

ಹಾರುವುದಕ್ಕೆ, ಊಟದ ಹೊತ್ತಿನಲ್ಲಿ ಕುಂಯ್‌ಗುಡುವುದಕ್ಕೆ ಗಮನ ಕೊಡುವುದನ್ನು ನಿಲ್ಲಿಸಿದಾಗ ಅದು ಮೊದಲು ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಹೆಚ್ಚಾದ ಹೊತ್ತಿನಲ್ಲಿ ಮನಸ್ಸು ಕರಗಿ ತಟ್ಟೆಯಿಂದ ಒಂದು ಚಪಾತಿ ಚೂರು ಕೊಟ್ಟರೆ, ‘ಜೋರಾಗಿ ಕೂಗಿದರೆ ಸಿಗುತ್ತದೆ’ ಎಂಬ ಹೊಸ ಪಾಠ ಆಯಿತು. ಆರು ತಿಂಗಳಿಂದ ಒಂದೂವರೆ ವರ್ಷದ ನಡುವಿನ ನಾಯಿಗಳಂತೂ ಕಲಿತದ್ದನ್ನೆಲ್ಲ ಮರೆತ ಹಾಗೆ ನಡೆದುಕೊಳ್ಳುತ್ತವೆ. ಹದಿಹರೆಯ ಅದು, ದಾಟುತ್ತದೆ. ದೀಪಾವಳಿಯ ಪಟಾಕಿ ವಾರದಲ್ಲಿ ಹೊಸ ಪಾಠ ಬೇಡವೇ ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಜೊತೆಗಿರಿ. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬುದು ಸುಳ್ಳು. ತುಂಬಾ ಹೆದರುವ ನಾಯಿಗೆ ಡಾಕ್ಟರು ಮುಂಚಿತವಾಗಿ ಔಷಧಿ ಕೊಡಬಲ್ಲರು.

ಹಂತ 9: ಎಷ್ಟು ದಿನ, ಎಷ್ಟು ದುಡ್ಡು, ಏನು ಸಾಧ್ಯ

ಕೂರುವುದು, ಬರುವುದು, ಎಳೆಯದೆ ನಡೆಯುವುದು ಮುಂತಾದ ಮೂಲಪಾಠ ಮನೆಯೊಳಗೆ ಕೆಲವು ವಾರಗಳಲ್ಲಿ ಕೂರುತ್ತದೆ, ಬೀದಿಯಲ್ಲಿ ಗಟ್ಟಿಯಾಗಲು ತಿಂಗಳುಗಳು ಬೇಕು. ಭಯ, ಕಚ್ಚುವಿಕೆಯಂಥವಕ್ಕೆ ದಿನ ಗೊತ್ತುಮಾಡಿ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ದುಡ್ಡಿನ ವಿಷಯ ಚಿಕ್ಕದು: ಒಂದು ಕ್ಲಾಸಿಗೆ ಎಷ್ಟು ನಿಮಿಷ, ತಪ್ಪಿದ ಕ್ಲಾಸ್ ಮತ್ತೆ ಸಿಗುತ್ತದಾ, ನಡುವೆ ನಿಲ್ಲಿಸಿದರೆ ಉಳಿದದ್ದು ವಾಪಸ್ ಬರುತ್ತದಾ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಇಡೀ ಪ್ಯಾಕೇಜಿನ ದುಡ್ಡು ಮೊದಲೇ ಕೊಡಬೇಡಿ, ಎರಡು ಕ್ಲಾಸ್ ನೋಡಿ.

ತಳಿಯ ಸ್ವಭಾವವನ್ನು ಯಾವ ಟ್ರೈನರೂ ಅಳಿಸಲಾರರು. 2016ರಲ್ಲಿ ಮುಧೋಳದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಸುದ್ದಿ ನಮಗೆಲ್ಲ ಹೆಮ್ಮೆ ತಂದಿತು. ಆದರೆ ಮುಧೋಳ ಕಣ್ಣಿನ ಬೇಟೆಗಾರ. ಮೊಲವೋ ಬೆಕ್ಕೋ ಓಡಿದ್ದು ಕಂಡರೆ ಕಾಲು ಅದರ ಹಿಂದೆ ಹೋಗುತ್ತದೆ. ಅದನ್ನು ಹಗ್ಗ ಬಿಚ್ಚಿ ರಸ್ತೆಯಲ್ಲಿ ನಡೆಸುವ ಗುರಿಯೇ ತಪ್ಪು. ಬೇಲಿಯಿರುವ ಬಯಲಿನಲ್ಲಿ ದಿನಾ ಓಡಲು ಬಿಟ್ಟರೆ ಅದೇ ನಾಯಿ ಮನೆಯಲ್ಲಿ ತಣ್ಣಗೆ ಮಲಗುತ್ತದೆ. ನಾಟಿ ನಾಯಿಗಳು ಬೇಗ ಕಲಿಯುತ್ತವೆ, ಆದರೆ ಅಪರಿಚಿತರನ್ನು ತಕ್ಷಣ ನಂಬುವುದಿಲ್ಲ. ಕೆಂಚಿ ಇವತ್ತಿಗೂ ಬಂದವರ ತೊಡೆ ಏರುವುದಿಲ್ಲ. ಅದನ್ನು ಬದಲಿಸಲು ನಾವು ಕೇಳಲೂ ಇಲ್ಲ.

ಹಂತ 10: ಕೊನೆಯ ಕ್ಲಾಸ್

ಕೊನೆಯ ಕ್ಲಾಸಿನಲ್ಲಿ ಟ್ರೈನರ್ ಹಗ್ಗ ಮುಟ್ಟಬಾರದು. ಮನೆಯಲ್ಲಿ ಅತಿ ಕಡಿಮೆ ಅಭ್ಯಾಸ ಇರುವವರ ಕೈಗೆ ಕೊಡಿ. ನಮ್ಮಲ್ಲಿ ಅದು ಅಮ್ಮ. ಟ್ರೈನರ್ ಇಪ್ಪತ್ತು ಹೆಜ್ಜೆ ಹಿಂದೆ, ನಾನು ಅವರ ಪಕ್ಕದಲ್ಲಿ. ಅಯ್ಯಂಗಾರ್ ಬೇಕರಿಯ ಮುಂದೆ ಬನ್ನಿಗೆ ಕಾದು ಮಲಗುವ ಕರಿಯ ನಾಯಿ ತಲೆ ಎತ್ತಿತು. ಅಮ್ಮ ನಿಂತರು. ಕೆಂಚಿ ಕರಿಯನನ್ನು ನೋಡಿದಳು, ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಸೆರಗಿನ ಪಕ್ಕದ ಚೀಲಕ್ಕೆ ಕೈ ಹಾಕಿ, ‘ಶಭಾಷ್ ಕಣೇ’ ಅಂದು ಒಂದು ಚೂರು ಕೊಟ್ಟರು. ಇಬ್ಬರೂ ರಸ್ತೆಯ ಆಚೆ ಬದಿಗೆ ದಾಟಿ, ಹಗ್ಗ ಸಡಿಲವಾಗಿಯೇ ಇರುವಂತೆ, ಹಾಲಿನ ಬೂತಿನ ಕಡೆ ನಡೆದರು.